ಹಸಿ ಅಂಟಿನ ಪರವಾಗಿ

ಗೋಡೆಗೆ ವಾಲ್‌ಪೇಪರ್ ಹಚ್ಚುವುದರಲ್ಲಿ ಯಾವುದು ಸುಲಭ, ಯಾವುದು ಕಷ್ಟ ಎನ್ನುವುದನ್ನು ಪೇಟೆ ಆಗಲೇ ತೀರ್ಮಾನಿಸಿಬಿಟ್ಟಿದೆ. ಪುಡಿಯನ್ನು ನೀರಿಗೆ ಹಾಕಿ ಅಂಟು ಕಲಸುವುದು, ಬ್ರಷ್ಷಿನಿಂದ ಬಳಿಯುವುದು, ಉದ್ದನೆಯ ಹಾಳೆ ಹಿಡಿದು ಏಣಿ ಹತ್ತುವುದು ಕಸುಬು ಬಲ್ಲವರ ಪಾಲು. ಹಿಂಬದಿಯ ಕಾಗದ ಸುಲಿದು ಸ್ಟಿಕರಿನಂತೆ ಒತ್ತಿಬಿಡುವುದು ಹೊಸಬರ ಪಾಲು. ಮೊದಲ ಸಲ ತಮ್ಮ ಕೋಣೆಯ ಗೋಡೆಯನ್ನು ತಾವೇ ಸಿಂಗರಿಸಲು ಹೊರಟವರಿಗೆ ಅಂಗಡಿಯವರೂ ಜಾಹೀರಾತೂ ಸಲಹೆ ಮಾಡುವುದು ಎರಡನೆಯದನ್ನೇ. ಈ ತೀರ್ಮಾನ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಒಂದು ಕೆಲಸ ಹೊಸಬರಿಗೆ ಸುಲಭವೋ ಅಲ್ಲವೋ ಎಂದು ಅಳೆಯಬೇಕಾದದ್ದು ಅದರ ಹಂತಗಳನ್ನು ಎಣಿಸಿ ಅಲ್ಲ. ತಪ್ಪಾದ ಮೇಲೆ ತಿದ್ದಿಕೊಳ್ಳಲು ಅದು ಎಷ್ಟು ಹೊತ್ತು ಬಿಡುತ್ತದೆ ಎಂದು ನೋಡಿ. ಈ ಅಳತೆಯಿಂದ ನೋಡಿದರೆ ಹಸಿ ಅಂಟಿನ ಪದ್ಧತಿ ಹೊಸಬರ ಗೆಳೆಯ. ಸುಲಿದು ಅಂಟಿಸುವ ಹಾಳೆ ಪಳಗಿದ ಕೈಯನ್ನು ಬೇಡುತ್ತದೆ.

ಹಸಿ ಅಂಟಿಗೆ ಕೆಟ್ಟ ಹೆಸರು ಬಂದದ್ದು ಇಂದು ನಿನ್ನೆಯಲ್ಲ. ಇಂಗ್ಲೆಂಡಿನಲ್ಲಿ ಕಾಗದ ಹಚ್ಚಿದ ಗೋಡೆ ಮೊದಲು ಉಳ್ಳವರ ಸೊತ್ತಾಗಿತ್ತು. 1712ರಲ್ಲಿ ಬಂದ ವಾಲ್‌ಪೇಪರ್ ತೆರಿಗೆ 1836ರವರೆಗೂ ಇತ್ತು. ತೆರಿಗೆ ಹೋಗಿ, 1839ರಲ್ಲಿ ಡಾರ್ವೆನ್ ಊರಿನ ಪಾಟರ್ ಕಂಪನಿ ಉರುಳೆ ಯಂತ್ರದಲ್ಲಿ ಅಚ್ಚು ಹಾಕುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಅದು ಅಗ್ಗವಾಗಿ ಸಾಧಾರಣ ಮನೆಗಳ ಹಜಾರಕ್ಕೂ ಬಂತು. ಅಗ್ಗವಾದದ್ದನ್ನು ತಾವೇ ಹಚ್ಚೋಣ ಎಂಬ ಹುಮ್ಮಸ್ಸು ಹುಟ್ಟಿದಲ್ಲೆಲ್ಲ ನಗೆಪಾಟಲೂ ಹುಟ್ಟಿತು. ಹಜಾರಕ್ಕೆ ಕಾಗದ ಹಚ್ಚಲು ಹೋಗಿ ಮನೆಮಂದಿಯನ್ನೆಲ್ಲ ಅಂಟಿನಲ್ಲಿ ಮೀಯಿಸುವ ಅಪ್ಪನೊಬ್ಬನನ್ನು ಕುರಿತ ತಮಾಷೆ ಹಾಡು 1910ರ ಹೊತ್ತಿಗೆ ಅಲ್ಲಿನ ರಂಜನಾ ರಂಗಮಂದಿರಗಳಲ್ಲಿ ಜನಪ್ರಿಯವಾಗಿತ್ತು. 1915ರ ‘ವರ್ಕ್’ ಚಿತ್ರದಲ್ಲಿ ಚಾರ್ಲಿ ಚಾಪ್ಲಿನ್ ಇದೇ ಕಸುಬಿನ ಸಹಾಯಕನಾಗಿ ಒಂದು ಮನೆ ಹೊಕ್ಕು ಅದನ್ನು ರಂಪ ಮಾಡುತ್ತಾನೆ. ಈ ಹಾಸ್ಯ ಚೆನ್ನಾಗಿದೆ, ಆದರೆ ಅದು ನಮ್ಮ ಕಣ್ಣನ್ನು ತಪ್ಪು ಜಾಗಕ್ಕೆ ತಿರುಗಿಸಿದೆ. ಮೈಗೆ ಮೆತ್ತಿದ ಅಂಟು ಒದ್ದೆ ಬಟ್ಟೆಗೆ ಹೋಗುತ್ತದೆ, ನೆಲಕ್ಕೆ ಸುರಿದದ್ದು ಒರೆಸಿದರೆ ಹೋಗುತ್ತದೆ. ಮೂರನೆಯ ಪಟ್ಟಿಯಿಂದ ಶುರುವಾಗಿ ಕೋಣೆಯ ಆ ತುದಿಯವರೆಗೆ ವಾಲುತ್ತ ಹೋದ ಬಳ್ಳಿ ಮಾತ್ರ ಯಾವ ಬಟ್ಟೆಗೂ ಹೋಗುವುದಿಲ್ಲ. ಗಲೀಜನ್ನೇ ಸೋಲು ಎಂದು ತಿಳಿದವರಿಗೆ ಗಲೀಜಿಲ್ಲದ ಸ್ಟಿಕರನ್ನು ಗೆಲುವೆಂದು ಮಾರುವುದು ಕಷ್ಟದ ವ್ಯಾಪಾರವಲ್ಲ.

ಆ ಕಾಲದ ಕಷ್ಟಗಳು ನಿಜವಾದವೇ. ಕಾಗದದ ಅಂಚನ್ನು ಕೈಯಲ್ಲಿ ಕತ್ತರಿಸಿಕೊಳ್ಳಬೇಕಿತ್ತು. ಬರೀ ಕಾಗದದ ಹಾಳೆಗೆ ಅಂಟು ಬಳಿದರೆ ಅದು ನೀರು ಕುಡಿದು ಅಗಲವಾಗುತ್ತದೆ. ಅದಕ್ಕೇ ಅಂಟು ಬಳಿದ ಮೈಯನ್ನು ಒಳಮುಖವಾಗಿ ಮಡಿಸಿ ಕೆಲವು ನಿಮಿಷ ಹಾಗೇ ಬಿಡುವ ಕ್ರಮ ಬಂತು. ಅಷ್ಟು ತಾಳ್ಮೆ ಇಲ್ಲದೆ ಕೂಡಲೇ ಗೋಡೆಗೆ ಏರಿಸಿದರೆ ಅದು ಅಲ್ಲಿಯೇ ಹಿಗ್ಗಿ ಗುಳ್ಳೆ ಏಳುತ್ತದೆ. ನೆನೆದ ಕಾಗದ ಹರಿಯುವುದೂ ಬೇಗ. ಆದರೆ ಇಂದು ಹಸಿ ಅಂಟು ಎಂದರೆ ಇಷ್ಟೇ ಅಲ್ಲ. ಸಸ್ಯನಾರು ಮತ್ತು ಪಾಲಿಯೆಸ್ಟರ್ ಎಳೆಗಳನ್ನು ಬೆರೆಸಿ ಮಾಡಿದ ನಾನ್‌ವೋವನ್ ಹಾಳೆ ನೀರಿಗೆ ಹಿಗ್ಗುವುದಿಲ್ಲ. ಅಂಟನ್ನು ಗೋಡೆಗೆ ಬಳಿದು, ಒಣ ಹಾಳೆಯನ್ನು ಸುರುಳಿಯಿಂದ ನೇರವಾಗಿ ಅದರ ಮೇಲೆ ಇಳಿಸಬಹುದು. ಕಾಯುವುದಿಲ್ಲ, ಮಡಿಸುವುದಿಲ್ಲ, ಉದ್ದನೆಯ ಮೇಜು ಬೇಡ. ಮೀಥೈಲ್ ಸೆಲ್ಯುಲೋಸ್ ಅಥವಾ ಗಂಜಿಯ ಆ ಅಂಟು ಜಾರುಗುಣದ್ದು. ಅಂಗೈಯಿಂದ ಒತ್ತಿದರೆ ಹಾಳೆ ಎರಡು ಮಿಲಿಮೀಟರ್ ಎಡಕ್ಕೆ, ಅರ್ಧ ಸೆಂಟಿಮೀಟರ್ ಮೇಲಕ್ಕೆ ಸರಿಯುತ್ತದೆ. ಮನಸ್ಸಿಗೆ ಬಾರದಿದ್ದರೆ ಇಡೀ ಪಟ್ಟಿಯನ್ನು ಕಿತ್ತು ಮತ್ತೆ ಇಳಿಸಬಹುದು. ಕಲಿಯುವವರಿಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ.

ನಮ್ಮ ಊರುಗಳಲ್ಲಿ ಇದಕ್ಕೆ ಸಾಕ್ಷಿ ಬಹುಕಾಲ ಬೀದಿಯಲ್ಲೇ ಇತ್ತು. ಸಿನಿಮಾ ಪೋಸ್ಟರ್ ಹಚ್ಚುವವರು ಮೈದಾ ಬೇಯಿಸಿ, ಹುಳ ಹಿಡಿಯದಂತೆ ಚೂರು ಮೈಲುತುತ್ತ ಹಾಕಿ, ಆ ಅಂಟನ್ನು ಮೊದಲು ಗೋಡೆಗೇ ಬಳಿಯುತ್ತಿದ್ದರು. ದೊಡ್ಡ ಪೋಸ್ಟರ್ ಹಲವು ಹಾಳೆಗಳಲ್ಲಿ ಅಚ್ಚಾಗಿರುತ್ತದೆ. ನಾಯಕನ ಒಂದು ಕಣ್ಣು ಈ ಹಾಳೆಯಲ್ಲಿ, ಇನ್ನೊಂದು ಆ ಹಾಳೆಯಲ್ಲಿ. ಒರಟು ಕಾಂಪೌಂಡ್ ಗೋಡೆಯ ಮೇಲೆ, ಬೀದಿದೀಪದ ಬೆಳಕಿನಲ್ಲಿ, ಆ ಎರಡು ಕಣ್ಣು ಒಂದೇ ಸಾಲಿಗೆ ಬಂದು ನಿಲ್ಲುತ್ತಿದ್ದದ್ದು ಒದ್ದೆ ಅಂಟಿನ ಮೇಲೆ ಹಾಳೆ ಜಾರುವುದರಿಂದ. ಆ ಕೆಲಸಕ್ಕೂ ಮನೆಯೊಳಗಿನ ಕೆಲಸಕ್ಕೂ ವ್ಯತ್ಯಾಸವಿದೆ ಎನ್ನುವುದು ಸರಿ. ಪೋಸ್ಟರಿನಲ್ಲಿ ಒಂದು ಹಾಳೆ ಇನ್ನೊಂದರ ಮೇಲೆ ಬೆರಳಗಲ ಏರಿದರೆ ಯಾರೂ ಕೇಳುವುದಿಲ್ಲ. ಮನೆಯೊಳಗೆ ಅಂಚಿಗೆ ಅಂಚು ತಾಗಿ ನಿಲ್ಲಬೇಕು, ಏರಲೂಬಾರದು, ಬಿರುಕು ಬಿಡಲೂಬಾರದು. ಆದರೆ ಕೆಲಸ ನಾಜೂಕಾದಷ್ಟೂ ಹಾಳೆ ಜಾರುವ ಗುಣದ ಬೆಲೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಈಗ ಸ್ಟಿಕರ್ ಹಾಳೆಯ ಸ್ವಭಾವ ನೋಡೋಣ. ಅದರ ಹಿಂದಿರುವ ಅಂಟು ಒತ್ತಡಕ್ಕೆ ಹಿಡಿಯುವಂಥದ್ದು. ಮುಟ್ಟಿದ ಕ್ಷಣದಿಂದ ಹಿಡಿತ ಶುರು, ದಿನ ಹೋದಂತೆ, ಸೆಖೆ ಏರಿದಂತೆ ಹಿಡಿತ ಬಿಗಿ. ಮೊಬೈಲಿನ ಪರದೆಗೆ ರಕ್ಷಣಾ ಹಾಳೆ ಅಂಟಿಸಲು ಹೋಗಿ ಒಂದು ಮೂಲೆ ಸರಿಮಾಡುವಷ್ಟರಲ್ಲಿ ಇನ್ನೊಂದು ಮೂಲೆ ತಪ್ಪಿಸಿಕೊಂಡವರು ಅದನ್ನೇ ಒಂಬತ್ತು ಅಡಿ ಎತ್ತರದಲ್ಲಿ ಕಲ್ಪಿಸಿಕೊಂಡರೆ ಸಾಕು. ಬೇಕೆಂದಾಗ ಕಿತ್ತು ಮತ್ತೆ ಅಂಟಿಸಬಹುದು ಎಂಬ ಭರವಸೆ ಮಾತಿನ ಮಟ್ಟಿಗೆ ಸುಳ್ಳಲ್ಲ. ಆದರೆ ಕೀಳುವಾಗ ಪಿವಿಸಿ ಹಾಳೆ ರಬ್ಬರಿನಂತೆ ಕೊಂಚ ಎಳೆಯುತ್ತದೆ; ಎಳೆದ ಹಾಳೆಯ ಚಿತ್ತಾರ ಪಕ್ಕದ ಪಟ್ಟಿಗೆ ಕೂಡುವುದಿಲ್ಲ, ಬಲವಂತವಾಗಿ ಕೂಡಿಸಿದರೆ ಮುಂದೆ ಅದು ತನ್ನ ಮೊದಲ ಅಳತೆಗೆ ಮರಳಲು ನೋಡಿ ಜಾಯಿಂಟ್ ಬಾಯಿ ಬಿಡುತ್ತದೆ. ಅಗಲದ ಲೆಕ್ಕವೂ ಇದೆ. ಇಂಥ ಸುರುಳಿಗಳು ಹೆಚ್ಚಾಗಿ 45 ಸೆಂಟಿಮೀಟರ್ ಅಗಲ. ಹನ್ನೆರಡು ಅಡಿ ಗೋಡೆಗೆ ಒಂಬತ್ತು ಪಟ್ಟಿ, ಎಂಟು ಜಾಯಿಂಟ್. ಯೂರೋಪಿನ ಸಾಮಾನ್ಯ ಸುರುಳಿ 53 ಸೆಂಟಿಮೀಟರ್ ಅಗಲ. ಅದೇ ಗೋಡೆಗೆ ಏಳು ಪಟ್ಟಿ, ಆರು ಜಾಯಿಂಟ್. ತಪ್ಪು ಕಾಣಿಸಿಕೊಳ್ಳುವುದು ಜಾಯಿಂಟಿನಲ್ಲಿ. ಸುಲಭವೆಂದು ಮಾರುವ ಸರಕೇ ಹೆಚ್ಚು ಜಾಯಿಂಟುಗಳನ್ನು ಹೊಸಬರ ತಲೆಗೆ ಕಟ್ಟುತ್ತದೆ. ನಮ್ಮಲ್ಲಿ ಸಿಗುವ 1.06 ಮೀಟರ್ ಅಗಲದ ಕೊರಿಯನ್ ಸುರುಳಿಗೆ ಮೂರೇ ಜಾಯಿಂಟ್ ಸಾಕು. ಆದರೆ ಅಷ್ಟಗಲದ ಹಾಳೆಯನ್ನು ಒಂದು ಜೊತೆ ಕೈ ಹಿಡಿದು ನಿಲ್ಲಿಸುವುದು ಆಗದ ಮಾತು, ಇಬ್ಬರು ಬೇಕು.

ಯಾವ ಹಾಳೆಯನ್ನೇ ಆರಿಸಿದರೂ ಗೋಡೆಯ ಕೆಲಸ ತಪ್ಪುವುದಿಲ್ಲ, ಮತ್ತು ಇಲ್ಲಿಯೂ ಪೇಟೆಯ ಮಾತು ಅರ್ಧ ಸತ್ಯ. ಕೆಟ್ಟ ಗೋಡೆಯನ್ನು ವಾಲ್‌ಪೇಪರ್ ಮುಚ್ಚಿಬಿಡುತ್ತದೆ ಎನ್ನುತ್ತಾರೆ. ಕಲೆಯನ್ನು ಮುಚ್ಚುತ್ತದೆ, ಉಬ್ಬು ತಗ್ಗನ್ನು ಮುಚ್ಚುವುದಿಲ್ಲ. ಕಿಟಕಿಯಿಂದ ಓರೆಯಾಗಿ ಬೀಳುವ ಬೆಳಕಿನಲ್ಲಿ ಪುಟ್ಟಿಯ ಒಂದು ಗಂಟು, ಮೊಳೆ ಕಿತ್ತ ಒಂದು ಗುಳಿ ಹೊಳಪಿನ ಹಾಳೆಯ ಮೇಲೆ ಮೊದಲಿಗಿಂತ ಚೆನ್ನಾಗಿ ಕಾಣುತ್ತದೆ. ಹಳೆಯ ಡಿಸ್ಟೆಂಪರ್ ಅಥವಾ ಸುಣ್ಣದ ಗೋಡೆಯ ಮೇಲೆ ಅಂಗೈ ಎಳೆದಾಗ ಬಿಳಿಪುಡಿ ಮೆತ್ತಿದರೆ, ಅಂಟು ಹಿಡಿಯುವುದು ಗೋಡೆಯನ್ನಲ್ಲ, ಆ ಪುಡಿಯನ್ನು. ಕೆರೆದು, ಬಿರುಕಿಗೆ ಪುಟ್ಟಿ ತುಂಬಿ, ಉಜ್ಜಿ, ಧೂಳು ಒರೆಸಿ, ಪ್ರೈಮರ್ ಹೊಡೆದು ಒಣಗಲು ಬಿಡುವುದು ಹಾಳೆ ಹಚ್ಚುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುವ ಕೆಲಸ. ಒಂದು ಮಧ್ಯಾಹ್ನದಲ್ಲಿ ಕೋಣೆಯ ರೂಪವೇ ಬದಲು ಎನ್ನುವ ಜಾಹೀರಾತು ಈ ದಿನಗಳನ್ನೆಲ್ಲ ಲೆಕ್ಕದಿಂದ ಬಿಟ್ಟಿರುತ್ತದೆ. ಇದನ್ನು ಬಿಟ್ಟು ಮುಂದಕ್ಕೆ ಹೋದವರಿಗೆ ಹಸಿ ಅಂಟಾದರೂ ಒಂದೇ, ಸ್ಟಿಕರಾದರೂ ಒಂದೇ.

ಗೆರೆಯ ವಿಷಯ ಇನ್ನೂ ಮುಖ್ಯ. ಮೂಲೆಯಿಂದ ಶುರುಮಾಡಿ ಮೂಲೆಯ ಗೆರೆಗೇ ಮೊದಲ ಪಟ್ಟಿ ಹೊಂದಿಸುವುದು ಸಹಜವೆನಿಸುವ ತಪ್ಪು. ಎಷ್ಟು ಒಳ್ಳೆಯ ಮೇಸ್ತ್ರಿ ಕಟ್ಟಿದರೂ ಮೂಲೆಗಳು ನೂರಕ್ಕೆ ನೂರು ನೇರ ಇರುವುದು ಅಪರೂಪ. ಒಂಬತ್ತು ಅಡಿ ಎತ್ತರದಲ್ಲಿ ಮೂಲೆ ಒಂದು ಸೆಂಟಿಮೀಟರ್ ವಾಲಿದೆ ಎನ್ನೋಣ. ಬರಿಗೋಡೆಯಲ್ಲಿ ಅದು ಕಣ್ಣಿಗೇ ಬೀಳದು. ಮೊದಲ ಪಟ್ಟಿ ಅದನ್ನು ಅನುಸರಿಸಿದರೆ ಎರಡನೆಯದು ಮೊದಲನೆಯದನ್ನು, ಮೂರನೆಯದು ಎರಡನೆಯದನ್ನು ಅನುಸರಿಸುತ್ತದೆ. ಹನ್ನೆರಡು ಅಡಿ ದಾಟುವಷ್ಟರಲ್ಲಿ ಅಡ್ಡಸಾಲಿನ ಹೂವುಗಳು ಸೂರಿನ ಗೆರೆಗಿಂತ ಸುಮಾರು 1.3 ಸೆಂಟಿಮೀಟರ್ ಏರಿಯೋ ಇಳಿದೋ ನಿಂತಿರುತ್ತವೆ. ಅದು ಎಂಥವರ ಕಣ್ಣಿಗೂ ಬೀಳುತ್ತದೆ. ಮದ್ದು ಹಳೆಯದು, ಅಗ್ಗದ್ದು: ಮೂಲೆಯಿಂದ ಪಟ್ಟಿಯ ಅಗಲಕ್ಕಿಂತ ತುಸು ಕಡಿಮೆ ದೂರದಲ್ಲಿ ತೂಗುಗುಂಡು ಇಳಿಬಿಟ್ಟು ಅಥವಾ ರಸಮಟ್ಟ ಹಿಡಿದು ಪೆನ್ಸಿಲಿನಲ್ಲಿ ಗೆರೆ ಎಳೆದು, ಪಟ್ಟಿಯ ಅಂಚನ್ನು ಆ ಗೆರೆಗೆ ಕೂಡಿಸುವುದು. ಮೂಲೆಯ ಕಡೆ ಹೆಚ್ಚಾಗಿ ಉಳಿದದ್ದನ್ನು ಬ್ಲೇಡಿನಿಂದ ಕತ್ತರಿಸುವುದು. ಮೂಲೆ ತಿರುಗುವಾಗಲೂ ಹೀಗೆಯೇ. ಇಡೀ ಪಟ್ಟಿಯನ್ನು ಸುತ್ತಿಸದೆ ಒಂದೆರಡು ಸೆಂಟಿಮೀಟರ್ ಮಾತ್ರ ಆಚೆ ಗೋಡೆಗೆ ತಿರುಗಿಸಿ, ಅಲ್ಲಿ ಹೊಸ ಗೆರೆಯಿಂದ ಹೊಸದಾಗಿ ಶುರುಮಾಡಬೇಕು. ಈಗ ಕೇಳಬೇಕಾದ ಪ್ರಶ್ನೆ: ಪೆನ್ಸಿಲ್ ಗೆರೆಗೆ ಒಂಬತ್ತು ಅಡಿಯುದ್ದಕ್ಕೂ ಕೂದಲೆಳೆಯಷ್ಟೂ ತಪ್ಪದೆ ಕೂಡುವುದು ಮೊದಲ ಸ್ಪರ್ಶದಲ್ಲೇ ಹಿಡಿಯುವ ಹಾಳೆಯೋ, ಸರಿಸಿ ಸರಿಸಿ ಕೂಡಿಸಬಹುದಾದ ಹಾಳೆಯೋ?

ಇದಕ್ಕೆ ಮೊದಲ ಆಕ್ಷೇಪ ಬಾಡಿಗೆದಾರರದ್ದು, ಮತ್ತು ಅದು ಹಗುರವಾದದ್ದಲ್ಲ. ಹನ್ನೊಂದು ತಿಂಗಳ ಕರಾರಿನ ಮನೆಯಲ್ಲಿ ಗೋಡೆಗೆ ಅಂಟು ಬಳಿಯಲು ಮಾಲೀಕರು ಒಪ್ಪುವುದುಂಟೆ, ಸ್ಟಿಕರಾದರೆ ಹೋಗುವಾಗ ಕಿತ್ತುಕೊಂಡು ಹೋಗಬಹುದಲ್ಲ ಎಂಬುದು ಅವರ ಮಾತು. ಕೀಳಬಹುದು, ಆದರೆ ಏನೇನನ್ನು ಜೊತೆಗೆ ಕೀಳುತ್ತೀರಿ ಎನ್ನುವುದು ಕೆಳಗಿನ ಬಣ್ಣದ ಮೇಲೆ ನಿಂತಿದೆ. ಗಟ್ಟಿ ಎಮಲ್ಷನ್ ಮೇಲೆ, ಸ್ವಲ್ಪ ಕಾಲದ ಮಟ್ಟಿಗೆ, ಮಾತು ನಿಜ. ಬಾಡಿಗೆ ಮನೆಗಳಲ್ಲಿ ಸಾಮಾನ್ಯವಾಗಿ ಹೊಡೆಯುವ ಅಗ್ಗದ ಡಿಸ್ಟೆಂಪರ್ ಮೇಲಾದರೆ ಎರಡೇ ಸಾಧ್ಯತೆ: ಸ್ಟಿಕರ್ ಹಿಡಿಯದೆ ಮೂಲೆ ಮೂಲೆಯಲ್ಲಿ ಮುದುರಿಕೊಳ್ಳುತ್ತದೆ, ಇಲ್ಲವೆ ಒಂದು ಬೇಸಿಗೆ ಕಳೆದ ಮೇಲೆ ಕಿತ್ತಾಗ ಬಣ್ಣವನ್ನೂ ಪುಟ್ಟಿಯ ಪದರವನ್ನೂ ಹೊತ್ತು ಬರುತ್ತದೆ. ಪ್ರೈಮರ್ ಇರುವ ಗೋಡೆಯ ಮೇಲಿನ ನಾನ್‌ವೋವನ್ ಹಾಳೆಯಾದರೋ ಕೆಳಗಿನ ಅಂಚು ಎತ್ತಿ ಎಳೆದರೆ ಬಹುಮಟ್ಟಿಗೆ ಇಡೀ ಪಟ್ಟಿಯಾಗಿಯೇ ಒಣಗಿದ್ದಂತೆ ಬಂದುಬಿಡುತ್ತದೆ. ಉಳಿದ ಅಂಟನ್ನು ಬಿಸಿನೀರು ತೊಳೆಯುತ್ತದೆ. ಹಾಗೆಂದು ಸ್ಟಿಕರಿಗೆ ಜಾಗವೇ ಇಲ್ಲವೆಂದಲ್ಲ. ಬೀರುವಿನ ಬಾಗಿಲು, ಕಪಾಟಿನ ಹಿಂಬದಿ, ಲ್ಯಾಮಿನೇಟ್ ಮೇಜು, ಅಂದರೆ ನುಣುಪಾಗಿ, ಚಿಕ್ಕದಾಗಿ, ಒಂದೇ ತುಂಡಿನಲ್ಲಿ ಮುಗಿಯುವಲ್ಲಿ ಅದಕ್ಕೆ ಸಾಟಿಯಿಲ್ಲ. ಅಂಥಲ್ಲಿ ಪಡೆದ ಒಳ್ಳೆಯ ಹೆಸರನ್ನು ಗೋಡೆಗೂ ಎಳೆದು ತಂದದ್ದೇ ತಕರಾರು.

ಎರಡನೆಯ ಆಕ್ಷೇಪ ಬೇರಿಗೇ ಕೊಡಲಿ ಹಾಕುತ್ತದೆ. ನಮ್ಮ ಹವೆಗೆ ವಾಲ್‌ಪೇಪರೇ ಸಲ್ಲದು, ಹಸಿಯೋ ಒಣವೋ ಎಂಬ ಚರ್ಚೆ ಯಾಕೆ ಎಂದು. ಇದರಲ್ಲಿ ನ್ಯಾಯವಿದೆ, ಮತ್ತು ಕರಾವಳಿ ಮಲೆನಾಡಿನವರು ಇದನ್ನು ಹೇಳಿದರೆ ಬಹುಪಾಲು ಒಪ್ಪಿಕೊಳ್ಳಲೇಬೇಕು. ಹಬ್ಬಕ್ಕೆ ಮುಂಚೆ ಸುಣ್ಣ ಬಳಿಯುವ ನಮ್ಮ ರೂಢಿ ಬರೀ ಅಂದಕ್ಕಾಗಿ ಇದ್ದದ್ದಲ್ಲ. ಸುಣ್ಣದ ಕ್ಷಾರಗುಣ ಬೂಷ್ಟನ್ನು ತಡೆಯುತ್ತದೆ, ಸುಣ್ಣದ ಪದರದ ಮೂಲಕ ಗೋಡೆಯ ತೇವ ಹೊರಗೆ ಹೋಗುತ್ತದೆ. ವಾಲ್‌ಪೇಪರ್ ಇದಕ್ಕೆ ತದ್ವಿರುದ್ಧ: ಕಾಗದವೂ ಗಂಜಿಯೂ ಬೂಷ್ಟಿಗೆ ಊಟ, ವಿನೈಲ್ ಮೈ ತೇವಕ್ಕೆ ಬಾಗಿಲು ಮುಚ್ಚಿದಂತೆ. ಯೂರೋಪು ಇದರ ಬೆಲೆಯನ್ನು ಭೀಕರವಾಗಿಯೇ ತೆತ್ತಿತು. ಹತ್ತೊಂಬತ್ತನೆಯ ಶತಮಾನದ ಮೆಚ್ಚಿನ ಹಸಿರು ವಾಲ್‌ಪೇಪರುಗಳ ಬಣ್ಣದಲ್ಲಿ ಆರ್ಸೆನಿಕ್ ಇರುತ್ತಿತ್ತು. ಒದ್ದೆ ಗೋಡೆಯ ಬೂಷ್ಟು ಆ ಬಣ್ಣವನ್ನು ತಿಂದು ವಿಷಾನಿಲ ಬಿಡಬಲ್ಲದು ಎಂದು ಇಟಲಿಯ ವಿಜ್ಞಾನಿ ಬಾರ್ತೊಲೊಮಿಯೊ ಗೋಸಿಯೊ 1890ರ ದಶಕದಲ್ಲಿ ತೋರಿಸಿದ. ಇಂದಿನ ಮಸಿಯಲ್ಲಿ ಆ ವಿಷವಿಲ್ಲ. ಬೂಷ್ಟು ಮಾತ್ರ ಇನ್ನೂ ಅದೇ.

ಆದರೆ ಆಕ್ಷೇಪವನ್ನು ಸರಿಯಾಗಿ ಕೇಳಿಸಿಕೊಂಡರೆ ಅದು ಇರುವುದು ಊರಿನ ಮೇಲಲ್ಲ, ಗೋಡೆಯ ಮೇಲೆ. ಒಂದೇ ಮನೆಯಲ್ಲಿ ನೈಋತ್ಯ ಮಳೆಗೆ ಮೈಯೊಡ್ಡಿದ ಹೊರಗೋಡೆ ಬೇರೆ, ಎರಡು ಕೋಣೆಗಳ ನಡುವಿನ ಒಳಗೋಡೆ ಬೇರೆ. ಬಚ್ಚಲಿಗೆ ಬೆನ್ನು ಹಚ್ಚಿದ ಗೋಡೆ, ಉಪ್ಪು ಬಿಟ್ಟುಕೊಂಡ ಗೋಡೆ, ಗಾರೆ ಮಾಡಿ ಇನ್ನೂ ಪೂರ್ತಿ ಆರದ ಗೋಡೆ, ಇವುಗಳಿಗೆ ಯಾವ ಹಾಳೆಯನ್ನೂ ಹಚ್ಚಬಾರದು. ಬೆಂಗಳೂರಿನ ಮಧ್ಯದ ಮಹಡಿಯ ಫ್ಲ್ಯಾಟಿನಲ್ಲಿ, ಮೈಸೂರಿನ, ಧಾರವಾಡದ ಮನೆಯ ಒಳಗೋಡೆಯಲ್ಲಿ ಅದು ವರ್ಷಗಟ್ಟಲೆ ಕೂರದಿರಲು ಕಾರಣವಿಲ್ಲ. ಈ ಆಕ್ಷೇಪ ಮುಖ್ಯವಾದಷ್ಟೂ ಮೊದಲು ಪೆಟ್ಟು ತಿನ್ನುವುದು ಸ್ಟಿಕರೇ ಎಂಬುದೂ ಗಮನಿಸಬೇಕಾದ ಸಂಗತಿ. ಪೂರ್ತಿ ಪಿವಿಸಿಯಾದ ಅದು ಉಸಿರಾಡಲು ಎಡೆಯನ್ನೇ ಬಿಡುವುದಿಲ್ಲ. ವಿನೈಲ್ ಲೇಪವಿಲ್ಲದ ಕಾಗದ ಅಥವಾ ನಾನ್‌ವೋವನ್ ಕೊಂಚವಾದರೂ ಬಿಡುತ್ತದೆ. ಸುಲಭದ ಹಾಳೆ ನಮ್ಮ ಹವೆಗೂ ಹೆಚ್ಚು ಒಗ್ಗದ ಹಾಳೆ.

ಕೂಲಿ ಕೊಟ್ಟರೆ ಅಂಗಡಿಯವರೇ ಆಳು ಕಳಿಸುತ್ತಾರೆ, ಕಲಿಯುವ ರೇಜಿಗೆ ಯಾಕೆ ಎನ್ನುವವರೂ ಇದ್ದಾರೆ. ಮೆಟ್ಟಿಲ ಸಂದಿಯ ಎತ್ತರದ ಗೋಡೆಗೆ, ಚಾವಣಿಗೆ, ದುಬಾರಿ ಹಾಳೆಗೆ ಅವರ ಮಾತು ಕೇಳುವುದೇ ಲೇಸು. ಬಾಗಿಲು ಕಿಟಕಿ ಇಲ್ಲದ ಒಂದು ಒಣ ಗೋಡೆಗೆ ಆ ಮಾತು ಬೇಕಿಲ್ಲ. ಅಂಥ ಗೋಡೆಯಲ್ಲಿ ಕತ್ತರಿಸಬೇಕಾದದ್ದು ಮೇಲಿನ, ಕೆಳಗಿನ ಅಂಚು, ಹೆಚ್ಚೆಂದರೆ ಒಂದು ಸ್ವಿಚ್ ಬೋರ್ಡು (ಮೇನ್ ಆರಿಸಿ, ಮೇಲಿನ ತಟ್ಟೆ ಕಳಚಿ). ಹೊಸ ಬ್ಲೇಡುಗಳಿಗೆ ಜಿಪುಣತನ ಮಾಡಬಾರದು, ಮೊಂಡು ಬ್ಲೇಡು ಒದ್ದೆ ಹಾಳೆಯನ್ನು ಕತ್ತರಿಸುವುದಿಲ್ಲ, ಹರಿಯುತ್ತದೆ. ಚಿತ್ತಾರದ ಆಯ್ಕೆಯೂ ಕೈಯ ಅಳತೆಗಿರಲಿ. ನೇರ ಪಟ್ಟೆಗಳು, ಚೌಕುಳಿಗಳು ಪ್ರತಿ ತಪ್ಪನ್ನೂ ಸಾರಿ ಹೇಳುತ್ತವೆ. ವಿಲಿಯಂ ಮಾರಿಸ್ 1887ರಲ್ಲಿ ಬಿಡಿಸಿದ ವಿಲ್ಲೋ ಎಲೆಗಳ ಚಿತ್ತಾರದಂಥ ದಟ್ಟ ಎಲೆಬಳ್ಳಿಗಳು ಜಾಯಿಂಟನ್ನು ತಮ್ಮೊಳಗೇ ಅಡಗಿಸಿಕೊಳ್ಳುತ್ತವೆ. ಕಣ್ಣು ಎಲೆಯಿಂದ ಎಲೆಗೆ ಹೋಗುತ್ತದೆ, ಗೆರೆಯನ್ನು ಹುಡುಕುವುದಿಲ್ಲ.

ಇಷ್ಟು ಹೇಳಿದ ಮೇಲೂ ಹೊಸಬರು ಸೋಲುವುದು ಗೋಡೆಯ ಮುಂದೆ ನಿಲ್ಲುವುದಕ್ಕಿಂತ ಮೊದಲೇ, ಅಂಗಡಿಯ ಲೆಕ್ಕದಲ್ಲಿ. ಹನ್ನೆರಡಕ್ಕೆ ಒಂಬತ್ತು ಅಡಿ ಗೋಡೆ 108 ಚದರಡಿ. 53 ಸೆಂಟಿಮೀಟರ್ ಅಗಲ, 10.05 ಮೀಟರ್ ಉದ್ದದ ಸುರುಳಿಗೆ ಸುಮಾರು 57 ಚದರಡಿ, ಎರಡಕ್ಕೆ 114. ಎರಡು ಸುರುಳಿ ಸಾಕು, ಮಿಕ್ಕುತ್ತದೆ ಕೂಡ ಎಂದು ಕ್ಯಾಲ್ಕುಲೇಟರ್ ಹೇಳುತ್ತದೆ. ಮೇಲೆ ಕೆಳಗೆ ಕತ್ತರಿಸಲು ಹತ್ತು ಸೆಂಟಿಮೀಟರ್ ಸೇರಿಸಿದರೆ ಒಂದು ಪಟ್ಟಿಗೆ 2.84 ಮೀಟರ್ ಬೇಕು. ಒಂದು ಸುರುಳಿಯಿಂದ ಮೂರೇ ಪಟ್ಟಿ, ಎರಡರಿಂದ ಆರು, ಆರು ಪಟ್ಟಿಯ ಅಗಲ 3.18 ಮೀಟರ್. ಗೋಡೆ 3.66 ಮೀಟರ್. ಅರ್ಧ ಮೀಟರಿನಷ್ಟು ಗೋಡೆ ಬೋಳಾಗಿ ನಿಲ್ಲುತ್ತದೆ, ಮಿಕ್ಕ ತುಂಡುಗಳು ಯಾವುದಕ್ಕೂ ಉದ್ದ ಸಾಲವು. ಮೂರನೆಯ ಸುರುಳಿಗೆ ಮತ್ತೆ ಅಂಗಡಿಗೆ ಓಡಿದರೆ ಅದೇ ಬ್ಯಾಚಿನದು ಸಿಗದೆ ಬಣ್ಣ ಒಂದು ಛಾಯೆ ಬೇರೆಯಾಗಬಹುದು. ಲೆಕ್ಕ ಹಾಕಬೇಕಾದದ್ದು ಚದರಡಿಯಲ್ಲಿ ಅಲ್ಲ, ಪಟ್ಟಿಗಳಲ್ಲಿ. ಅದಕ್ಕೆ ಬೇಕಾದ ಮಾಹಿತಿ ಒಳ್ಳೆಯ ಸುರುಳಿಯ ಚೀಟಿಯ ಮೇಲೆಯೇ ಇರುತ್ತದೆ. ಬ್ರಷ್ಷಿನ ಗುರುತು ಅಂಟನ್ನು ಗೋಡೆಗೆ ಬಳಿಯಬೇಕೋ ಹಾಳೆಗೋ ಎಂದು ತಿಳಿಸುತ್ತದೆ, ಅಲೆಗಳ ಗುರುತು ಎಷ್ಟು ತೊಳೆಯಬಹುದೆಂದು ಹೇಳುತ್ತದೆ, 64/32 ಎಂದಿದ್ದರೆ ಚಿತ್ತಾರ 64 ಸೆಂಟಿಮೀಟರಿಗೊಮ್ಮೆ ಮರುಕಳಿಸುತ್ತದೆ, ಪಕ್ಕದ ಪಟ್ಟಿಯಲ್ಲಿ 32 ಸೆಂಟಿಮೀಟರ್ ಸರಿದು ಕೂಡುತ್ತದೆ ಎಂದು ಅರ್ಥ. ಅಂಗಡಿಗಳ ದಪ್ಪ ಮಾದರಿ ಪುಸ್ತಕಗಳು ಇದನ್ನೆಲ್ಲ ಹಿಂದಕ್ಕೆ ಸರಿಸಿ ಒಂದು ಕಳಂಕವಿಲ್ಲದ ಹಾಳೆಯನ್ನಷ್ಟೇ ತೋರಿಸುತ್ತವೆ. ಆ ಹಾಳೆಯಲ್ಲಿ ಜಾಯಿಂಟೇ ಇಲ್ಲ. ಕೊಳ್ಳುವವರು ಮುಂದೆ ಬದುಕಬೇಕಾದದ್ದು ಜಾಯಿಂಟುಗಳ ಜೊತೆ. ಆದ್ದರಿಂದ ಪ್ರತಿ ಮಾದರಿಗೂ ಎರಡು ಪಟ್ಟಿ ಕೂಡಿಸಿ ಅಂಟಿಸಿದ ಒಂದು ಪುಟವನ್ನು ಆ ಪುಸ್ತಕದಲ್ಲಿ ಇಡಬೇಕು.